ಎರಡು ವಾರ ವ್ಯಾನಲ್ಲಿ ಸಂಸಾರ: ಆಸ್ಟ್ರೇಲಿಯಾದ ಬ್ರಿಸ್ಬೇನಿಂದ ಕೇರ್ನ್ಸ್ ವರ್ಗೂ ಬಾಡಿಗೆ ಕ್ಯಾಂಪರ್‌ವ್ಯಾನ್ (ಒಳಗೇ ಹಾಸಿಗೆ, ಅಡುಗೆಮನೆ ಇರೋ ಗಾಡಿ) ಹೆಂಗಿತ್ತು

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರೂವರೆ ಸ್ಟಾರ್. ಕಳ್ದಿರೋ ಒಂದೂವರೆ ಸ್ಟಾರ್ ಫ್ರಿಜ್ಜಿಗೆ ಮತ್ತೆ ಅವ್ರ ಲೆಕ್ಕಾಚಾರಕ್ಕೆ. ಕಂಪನಿ ಹೆಸರು ಹಾಕ್ತಿಲ್ಲ, ಅಲ್ಲಿ ಇಂಥ ವ್ಯಾನ್ ಬಾಡಿಗೆ ಕೊಡೋರು ಬೇಕಾದಷ್ಟು ಜನ ಇದಾರೆ, ರೂಲ್ಸೂ ಹೆಚ್ಚುಕಮ್ಮಿ ಒಂದೇ ಥರ, ಯಾರ ಹತ್ರ ತಗೊಂಡ್ರೂ ನೋಡ್ಕೋಬೇಕಾಗಿರೋದು ಇವೇ.

ನಮ್ದು ಕೋಲಾರ ಜಿಲ್ಲೆ, ಶ್ರೀನಿವಾಸಪುರ ಕಡೆ. ಮಾವು, ಟೊಮ್ಯಾಟೊ ಬೆಳೆಯೋ ಮನೆ. 2023ರ ಜುಲೈನಲ್ಲಿ ಟೊಮ್ಯಾಟೊ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತಲ್ಲ, ಆಗ ಸರಿಯಾಗಿ ನಮ್ಮ ಒಂದೂವರೆ ಎಕರೆ ಕೊಯ್ಲಿಗೆ ಬಂದಿತ್ತು, ಹತ್ತು ವರ್ಷಕ್ಕೊಂದ್ಸಲ ಹೊಡೆಯೋ ಲಾಟ್ರಿ ಅದು, ಸಾಲ ತೀರಿಸಿ ಬೋರ್ ರಿಪೇರಿ ಮಾಡ್ಸಿ ಒಂದಷ್ಟು ದುಡ್ಡು ಎತ್ತಿಟ್ಟಿದ್ವಿ. ಮದ್ವೆ ಆಗಿ ಆರು ವರ್ಷ, ಹನಿಮೂನ್ ಅಂತ ಹೋಗಿದ್ದು ನಂದಿಬೆಟ್ಟ, ಅದೂ ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್ಸು. ಹೋದ ವರ್ಷ ಆಗಸ್ಟಲ್ಲಿ ಕೊನೆಗೂ ಹೊರಟ್ವಿ. ಅತ್ತೆ ಕೇಳಿದ ಒಂದೇ ಪ್ರಶ್ನೆ, "ಅಷ್ಟು ದುಡ್ಡು ಕೊಟ್ಟು ಅಷ್ಟು ದೂರ ಹೋಗಿ ಗಾಡಿಲಿ ಮಲಗ್ತೀರೇನಮ್ಮ, ನಮ್ ಮಂಡಿ ಲಾರಿ ಡ್ರೈವರ್ರು ಇಲ್ಲೇ ಪುಕ್ಸಟ್ಟೆ ಮಲಗ್ತಾರೆ." ಉತ್ತರ ಇರ್ಲಿಲ್ಲ.

ವ್ಯಾನೇ ಯಾಕೆ ಅಂದ್ರೆ, ಕಮ್ಮಿ ಖರ್ಚಲ್ಲಿ ಊರು ಸುತ್ತೋ ಬ್ಯಾಕ್‌ಪ್ಯಾಕರ್‌ಗಳ ಹಾಸ್ಟೆಲ್ ಡಾರ್ಮಲ್ಲಿ ತಲೆಗೆ 45 ಆಸ್ಟ್ರೇಲಿಯನ್ ಡಾಲರ್ ಹತ್ರ ಇತ್ತು, ಗಂಡ ಹೆಂಡ್ತಿಗೆ 90, ಅಷ್ಟು ಕೊಟ್ಟು ಇನ್ನೂ ಆರು ಜನದ ಗೊರಕೆ ಮಧ್ಯೆ ಮೇಲೊಂದು ಕೆಳಗೊಂದು ಮಂಚ. ಬೇರೆ ರೂಮ್ ಬೇಕು ಅಂದ್ರೆ 130 ಮೇಲೆ. ವ್ಯಾನಿಗೆ ಸೈಟಲ್ಲಿ ದಿನಕ್ಕೆ 78 ಡಾಲರ್ ಅಂತ ದೊಡ್ಡದಾಗಿ ಹಾಕಿದ್ರು, ನಾನು ಅದಕ್ಕೇ ಬಿದ್ದೆ. ಈಗ ನಿಜವಾದ ಲೆಕ್ಕ ಕೇಳಿ. 14 ದಿನಕ್ಕೆ 1092. ಬ್ರಿಸ್ಬೇನಲ್ಲಿ ತಗೊಂಡು ಕೇರ್ನ್ಸಲ್ಲಿ ಬಿಡೋದಕ್ಕೆ ಒನ್-ವೇ ಫೀಸ್ 200. ಇನ್ಶೂರೆನ್ಸ್ ದಿನಕ್ಕೆ 32, ಅದೇ 448. ಹಾಸಿಗೆ ದಿಂಬು, ಎರಡು ಮಡಚೋ ಕುರ್ಚಿಗೆ 60. ಒಟ್ಟು 1800 ಡಾಲರ್, ಆಗ ಡಾಲರ್‌ಗೆ 57 ರೂಪಾಯಿ ಹತ್ರ ಇತ್ತು, ಅಂದ್ರೆ ಒಂದು ಲಕ್ಷ ಚಿಲ್ಲರೆ. ದಿನಕ್ಕೆ 78 ಅಂದಿದ್ದು 128 ಆಯ್ತು ನೋಡಿ. ಇನ್ಶೂರೆನ್ಸ್ ಬೇಡ ಅಂದ್ರೆ 5000 ಡಾಲರ್ ಬಾಂಡ್, ಅಂದ್ರೆ ಡೆಪಾಸಿಟ್, ನಮ್ ಕಾರ್ಡಲ್ಲಿ ಲಾಕ್ ಮಾಡ್ತಾರೆ, ತಗೊಂಡ್ರೆ ಬರೀ 250. ನಮ್ಮ ಡೆಬಿಟ್ ಕಾರ್ಡ್ ತಗೊಳ್ಲೇ ಇಲ್ಲ, ಡ್ರೈವರ್ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರ್ಬೇಕು ಅಂದ್ರು, ಪುಣ್ಯಕ್ಕೆ ನಮ್ಮನೆಯವ್ರ ಹತ್ರ ಒಂದಿತ್ತು. ಮತ್ತೆ ಇನ್ಶೂರೆನ್ಸ್ ತಗೊಂಡ್ರೂ ಗಾಡಿ ತಲೆ ಮೇಲೆ ಆಗೋ ಡ್ಯಾಮೇಜು, ಕೆಳಗಡೆ ಆಗೋ ಡ್ಯಾಮೇಜು, ಮಣ್ಣು ರೋಡಲ್ಲಿ ಓಡ್ಸೋದು ಯಾವ್ದಕ್ಕೂ ಕವರ್ ಇಲ್ಲ. ಸಂಜೆ ಮೇಲೆ ಕಾಂಗರೂ ರೋಡಿಗೆ ಹಾರುತ್ತೆ, ಹೈವೇಲಿ ರಾತ್ರಿ ಓಡಿಸ್ಬೇಡಿ ಅಂತ ಅವ್ರೇ ಬರ್ದು ಸೈನ್ ಹಾಕ್ಸಿಕೊಂಡ್ರು. ಪೇಪರ್ ಪೂರ್ತಿ ಓದಿ, ನಾನು ಓದಿದ್ದು ಮೂರನೇ ದಿನ.

ಲೈಸೆನ್ಸ್ ವಿಷ್ಯ ಸುಲಭ. ನಮ್ ಕಾರ್ಡು ಇಂಗ್ಲಿಷಲ್ಲೂ ಇರೋದ್ರಿಂದ ಟೂರಿಸ್ಟಾಗಿ ಕ್ವೀನ್ಸ್‌ಲ್ಯಾಂಡಲ್ಲಿ (ಬ್ರಿಸ್ಬೇನ್, ಕೇರ್ನ್ಸ್ ಎರಡೂ ಇರೋ ರಾಜ್ಯ) ಓಡಿಸ್ಬೋದು, ಆದ್ರೂ ಯಾಕ್ ರಿಸ್ಕು ಅಂತ ಕೋಲಾರ ಆರ್‌ಟಿಒನಲ್ಲಿ 1000 ರೂಪಾಯಿ ಕಟ್ಟಿ ಐಡಿಪಿ, ಅಂದ್ರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಮಾಡಿಸ್ಕೊಂಡಿದ್ವಿ, ಕೌಂಟರ್ ಹುಡುಗಿ ಎರಡೂ ಕೇಳಿದ್ಲು. ರೋಡಲ್ಲಿ ನಮ್ ಥರಾನೇ ಎಡಗಡೆ. ನಮ್ಮನೆಯವ್ರು ಎಪಿಎಂಸಿಗೆ ಟೊಮ್ಯಾಟೊ ಲೋಡ್ ಹೊಡ್ದು ಅಭ್ಯಾಸ ಇರೋ ಮನುಷ್ಯ, ಹಾರ್ನ್ ಮಾಡಂಗಿಲ್ಲ ಅನ್ನೋದೊಂದೇ ಅವ್ರಿಗೆ ಕಷ್ಟ ಆಗಿದ್ದು.

ಗಾಡಿ ಎತ್ತರದ ಟಾಪ್ ಇರೋ ಹೈಏಸ್, ಮೂರು ಲಕ್ಷ ಕಿಲೋಮೀಟರ್ ಓಡಿದ್ದು, ಇಂಜಿನ್ ಮಾತ್ರ ಒಂದ್ ದಿನಾನೂ ಕೈ ಕೊಡ್ಲಿಲ್ಲ. ಸ್ಟೇರಿಂಗ್ ಮುಂದೆ ಎತ್ತರ 2.6 ಮೀಟರ್ ಅಂತ ಸ್ಟಿಕ್ಕರ್ ಇದೆ. ಇದ್ರೂ ನೂಸಾ ಅನ್ನೋ ಬೀಚ್ ಊರ ಹತ್ರ ಒಂದು ಮಾಲ್ ಪಾರ್ಕಿಂಗ್‌ಗೆ ಸೀದಾ ನುಗ್ತಾ ಇದ್ರು, ಅಲ್ಲಿ ನೇತಾಕಿರೋ ಬೋರ್ಡಲ್ಲಿ 2.2, "ರೀ ರೀ ರೀ" ಅಂತ ನಾನು ಕಿರುಚಿದ್ಮೇಲೆ ನಿಂತಿದ್ದು, ಹಿಂದೆ ನಾಲ್ಕು ಕಾರು. ಯಾರೂ ಹಾರ್ನ್ ಹೊಡೀಲಿಲ್ಲ, ಅದೇ ಜಾಸ್ತಿ ಅವಮಾನ ಆಯ್ತು.

ಹಾಸಿಗೆ ಬಗ್ಗೆ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಹಗಲು ಅದು ಟೇಬಲ್ಲು, ರಾತ್ರಿ ಟೇಬಲ್ ಕಾಲು ಬಿಚ್ಚಿ ಮೂರು ಹಲಗೆ ಜೋಡ್ಸಿ ಮೇಲೆ ಐದು ಕುಶನ್ ಒಂದು ಆರ್ಡರಲ್ಲಿ ಇಟ್ರೆ ಮಂಚ. ಆ ಆರ್ಡರ್ ತಪ್ಪಿದ್ರೆ ನಡುವಲ್ಲಿ ಕಾಲುವೆ ಥರ ಗ್ಯಾಪ್, ಅದರೊಳಗೆ ನನ್ನ ಸೊಂಟ. ಇಬ್ರೂ ಒಟ್ಟಿಗೆ ನಿಂತು ಇದನ್ನ ಮಾಡಕ್ಕಾಗಲ್ಲ, ಒಬ್ರು ಆಚೆ ಚಳೀಲಿ ನಿಲ್ಬೇಕು. ಆಗಸ್ಟ್ ಅಂದ್ರೆ ಅಲ್ಲಿ ಚಳಿಗಾಲ, ದಕ್ಷಿಣದಲ್ಲಿ ನೂಸಾ ಕಡೆ ರಾತ್ರಿ ಚೆನ್ನಾಗಿ ಚಳಿ, ಬೆಳಿಗ್ಗೆ ಗ್ಲಾಸ್ ಒಳಗಡೆಯಿಂದ ನೀರು ಸುರೀತಿರುತ್ತೆ, ಕಿಟಕಿ ಒಂದಿಂಚು ತೆಗ್ದಿಟ್ಟು ಮಲಗಿ. ಮೂರನೇ ರಾತ್ರಿ ಹಲಗೆ ವಿಷ್ಯಕ್ಕೆ ಜಗಳ ಆಗಿ ಇಬ್ರೂ ಮಾತು ಬಿಟ್ವಿ, ಆದ್ರೆ ಅಷ್ಟು ಜಾಗದಲ್ಲಿ ಮಾತು ಬಿಟ್ಟು ಎಲ್ಲಿಗೆ ಹೋಗೋದು, ಒಬ್ರು ಮಗ್ಗುಲು ತಿರುಗ್ಬೇಕಾದ್ರೂ ಇನ್ನೊಬ್ರಿಗೆ ಹೇಳ್ಬೇಕು.

ಅಡುಗೆಮನೆ ಅಂದ್ರೆ ಹಿಂದಿನ ಡೋರ್ ಮೇಲಕ್ಕೆತ್ತಿದ್ರೆ ಅದೇ. ಸಣ್ಣ ಸಿಂಕು, ಕೈಲಿ ಒತ್ತೋ ಪಂಪು, ಕ್ಯಾನ್ ಹಾಕೋ ಗ್ಯಾಸ್ ಸ್ಟವ್. ಸ್ಟವ್ ಸೂಪರ್, ಒಂದು ಕ್ಯಾನಲ್ಲಿ ಎರಡು ದಿನ ಬರುತ್ತೆ. ರಾಗಿ ಹಿಟ್ಟು ಬ್ರಿಸ್ಬೇನಲ್ಲಿ ಇಂಡಿಯನ್ ಅಂಗಡೀಲಿ ಸಿಕ್ತು, ಮನೆಯಿಂದ ಹೊತ್ಕೊಂಡು ಹೋಗೋ ತಲೆನೋವು ಯಾಕೆ, ಏರ್‌ಪೋರ್ಟಲ್ಲಿ ತಿನ್ನೋ ಐಟಂ ಏನಿದ್ರೂ ಕಾರ್ಡಲ್ಲಿ ಬರ್ದು ತೋರಿಸ್ಲೇಬೇಕು, ಮುಚ್ಚಿಟ್ರೆ ಸಿಕ್ಕಾಪಟ್ಟೆ ಫೈನು. ಹರ್ವೀ ಬೇ ಅನ್ನೋ ಊರಲ್ಲಿ ಒಂದು ಸಂಜೆ ಮುದ್ದೆ ಮಾಡ್ದೆ. ಮುದ್ದೆ ಕೋಲಿಲ್ಲ, ಎರಡು ಡಾಲರ್ ಮರದ ಸೌಟು. ಪಾತ್ರೆ ನಿಲ್ಲಕ್ಕೆ ನಮ್ಮನೆಯವ್ರು ಇಕ್ಕಳ ಹಿಡ್ಕೊಂಡು ನಿಂತಿದ್ರೆ ನಾನು ಎರಡೂ ಕೈಲಿ ತೊಳಸ್ತಾ ಇದೀನಿ, ಗಾಡಿ ಪೂರ್ತಿ ಅಲ್ಲಾಡ್ತಾ ಇದೆ, ಪಕ್ಕದ ವ್ಯಾನಿನ ವಯಸ್ಸಾದ ಗಂಡ ಹೆಂಡ್ತಿ ಕುರ್ಚಿ ನಮ್ ಕಡೆ ತಿರುಗಿಸ್ಕೊಂಡು ಕೂತ್ರು. ಒಂದು ಸಣ್ಣ ಉಂಡೆ ಕೊಟ್ಟೆ, ಸಾರಲ್ಲಿ ಅದ್ದಿ ನುಂಗ್ಬೇಕು ಅಗೀಬಾರ್ದು ಅಂದೆ, ಪಾಪ ಆಯಮ್ಮ ಐದು ನಿಮಿಷ ಅಗಿದ್ರು. ಮಳೆ ಬಂದ್ರೆ ಮಾತ್ರ ಈ ಅಡುಗೆಮನೆಗೆ ಅರ್ಥಾನೇ ಇಲ್ಲ, ನಿಮ್ಮ ಬೆನ್ನು ಆಚೆ ಇರುತ್ತೆ. ಅಂಥ ದಿನ ಪಾರ್ಕಲ್ಲಿ ಛಾವಣಿ ಕೆಳಗೆ ಕರೆಂಟ್ ಬಾರ್ಬೆಕ್ಯೂ ಇರುತ್ತೆ, ಎಷ್ಟೋ ಕಡೆ ಫ್ರೀ, ಬಟನ್ ಒತ್ತಿದ್ರೆ ಸಾಕು, ಫಾಯಿಲ್ ಹಾಸ್ಕೊಂಡು ಬದನೇಕಾಯಿ ಸುಟ್ವಿ.

ಫ್ರಿಜ್ಜಿಗೆ ಬರ್ತೀನಿ. ಅದು ಎರಡನೇ ಬ್ಯಾಟ್ರಿ ಮೇಲೆ ಓಡೋದು, ಗಾಡಿ ಓಡಿದ್ರೆ ಇಲ್ಲಾ ರಾತ್ರಿ ನಿಲ್ಲೋ ಜಾಗದಲ್ಲಿ ಕರೆಂಟ್ ಪ್ಲಗ್ ಹಾಕಿದ್ರೆ ಚಾರ್ಜ್. 1770 ಅಂತಾನೇ ಹೆಸರಿರೋ ಊರಿದೆ, ಇಂಗ್ಲೆಂಡಿನ ನಾವಿಕ ಕ್ಯಾಪ್ಟನ್ ಕುಕ್ ಆ ವರ್ಷ ಮೇ ತಿಂಗಳಲ್ಲಿ ಬಂದಿಳಿದ ಜಾಗ, ಅಲ್ಲಿ ಎರಡು ರಾತ್ರಿ ಪ್ಲಗ್ ಇಲ್ದೇ ನಿಂತ್ವಿ. ಎರಡನೇ ಬೆಳಿಗ್ಗೆ ಡೋರ್ ತೆಗೆದ್ರೆ ಹಾಲು, ಮೊಸರು, ಮೀನು ಎಲ್ಲಾ ಸೇರಿ ಒಂದೇ ವಾಸ್ನೆ. ಹೆಲ್ಪ್‌ಲೈನಿಗೆ ಫೋನ್ ಮಾಡಿದ್ರೆ ನಲವತ್ತು ನಿಮಿಷ ಮ್ಯೂಸಿಕ್ಕು, ಆಮೇಲೆ ಒಬ್ಬ "ಸ್ವಿಚ್ ಆನ್ ಮಾಡಿದೀರಾ" ಅಂತಾನೆ. ಕೊನೆಗೆ ರಾಕ್‌ಹ್ಯಾಂಪ್ಟನಲ್ಲಿ ಆಟೋ ಎಲೆಕ್ಟ್ರೀಷಿಯನ್ ನೋಡಿ ಬ್ಯಾಟ್ರಿ ಸತ್ತಿದೆ ಅಂದ, ಹೊಸದು ಹಾಕಿದ್ದಕ್ಕೆ ಕಂಪನಿ ಕೊಡ್ತು, ಕೆಟ್ಟ ಸಾಮಾನಿಗೆ ಬಿಡಿಗಾಸಿಲ್ಲ, ಅರ್ಧ ದಿನ ಹೋಯ್ತು. ಗಾಡಿ ತಗೊಳೋ ಜಾಗದಲ್ಲೇ ಇಂಜಿನ್ ಆಫ್ ಮಾಡಿ ಫ್ರಿಜ್ ಒಂದರ್ಧ ಗಂಟೆ ಓಡ್ಸಿ ನೋಡಿ, ನಾಚ್ಕೋಬೇಡಿ.

ರಾತ್ರಿ ಎಲ್ಲಿ ನಿಲ್ಲೋದು ಅನ್ನೋದಕ್ಕೆ ಕ್ಯಾಂಪರ್‌ಮೇಟ್, ವಿಕಿಕ್ಯಾಂಪ್ಸ್ ಅಂತ ಆ್ಯಪ್ ಇವೆ. ಹಾಲಿಡೇ ಪಾರ್ಕಲ್ಲಿ ಪ್ಲಗ್ ಇರೋ ಜಾಗ 50 ಡಾಲರ್ ಹತ್ರ, ಬಿಸಿನೀರು ಇರುತ್ತೆ, ಹೈವೇ ಪಕ್ಕದ ಕೆಲವು ರೆಸ್ಟ್ ಏರಿಯಾ ಫ್ರೀ. ನೂಸಾದಂಥ ಕಡೆ ಬೀಚ್ ಪಾರ್ಕಿಂಗಲ್ಲೇ ಮಲಗಿದ್ರೆ ಕೌನ್ಸಿಲ್‌ನೋರು ಫೈನ್ ಹಾಕ್ತಾರೆ. ಮತ್ತೆ ವ್ಯಾನ್ ಎಲ್ಲಾ ಕಡೆ ಹೋಗಲ್ಲ. ಫ್ರೇಸರ್ ಐಲ್ಯಾಂಡು, 2023ರಿಂದ ಅದಕ್ಕೆ ಅಲ್ಲಿನ ಮೂಲನಿವಾಸಿಗಳು ಇಟ್ಟಿದ್ದ ಗರಿ ಅನ್ನೋ ಹೆಸ್ರೇ ವಾಪಸ್ ಬಂದಿದೆ, ಪ್ರಪಂಚದ ಅತಿ ದೊಡ್ಡ ಮರಳು ದ್ವೀಪ, ಫೋರ್‌ವೀಲ್ ಡ್ರೈವ್ ಮಾತ್ರ. ನಾವು ಅದನ್ನ ಬಿಟ್ಟು ಹರ್ವೀ ಬೇನಲ್ಲಿ ತಿಮಿಂಗಿಲ ನೋಡೋ ಬೋಟ್ ಹತ್ತಿದ್ವಿ, ಜುಲೈಯಿಂದ ಅಕ್ಟೋಬರ್ ಅದಕ್ಕೆ ಸೀಸನ್ನು. ವೈಟ್‌ಹೆವನ್ ಬೀಚ್ ಇರೋದೂ ದ್ವೀಪದಲ್ಲಿ, ಅದಕ್ಕೂ ಏರ್ಲಿ ಬೀಚ್ ಅನ್ನೋ ಊರಿಂದ ಬೋಟೇ, ಮರಳು ಎಷ್ಟು ಬೆಳ್ಳಗಿದೆ ಅಂದ್ರೆ ರಾಗಿ ಹಿಟ್ಟು ನೋಡಿದ ಕಣ್ಣಿಗೆ ಮೈದಾ ಥರ, ಮಧ್ಯಾಹ್ನ ಬರಿಗಾಲಲ್ಲಿ ನಡೆದ್ರೂ ಸುಡಲ್ಲ. ಆಗಸ್ಟಲ್ಲಿ ಹೋಗೋದ್ರ ಇನ್ನೊಂದು ಲಾಭ, ಉತ್ತರದ ಕಡೆ ಕುಟುಕೋ ಲೋಳೆಮೀನು (ಜೆಲ್ಲಿಫಿಶ್) ಕಾಟ ನವೆಂಬರಿಂದ ಮೇ ವರ್ಗೂ. ಮೊಸಳೆಗೆ ಮಾತ್ರ ಸೀಸನ್ ಇಲ್ಲ, ಹೊಳೆ ಬಾಯಲ್ಲೆಲ್ಲ ಬೋರ್ಡು, ಜರ್ಮನ್ ಭಾಷೇಲೂ ಬರ್ದಿರ್ತಾರೆ.

ವ್ಯಾನ್ ಇಲ್ದೇ ಹೋಗಿದ್ರೆ ಬೋವನ್ ಅನ್ನೋ ಊರಲ್ಲಿ ನಾವು ಇಳೀತಾನೇ ಇರ್ಲಿಲ್ಲ, ಬ್ಯಾಕ್‌ಪ್ಯಾಕರ್‌ಗಳು ಅಲ್ಲಿಗೆ ಹೋಗೋದು ಹೆಚ್ಚಾಗಿ ಕೂಲಿಗೆ. ಹೈವೇ ಪಕ್ಕ 10 ಮೀಟರ್ ಎತ್ತರದ ಮಾವಿನಹಣ್ಣಿನ ಬೊಂಬೆ ನಿಂತಿದೆ, 2014ರಲ್ಲಿ ಒಂದು ಚಿಕನ್ ಕಂಪನಿ ಪಬ್ಲಿಸಿಟಿಗೆ ಅಂತ ಅದನ್ನೇ ರಾತ್ರೋರಾತ್ರಿ ಎತ್ಕೊಂಡು ಹೋಗಿತ್ತಂತೆ. ಶ್ರೀನಿವಾಸಪುರದೋರ್ಗೆ ಸ್ವಲ್ಪ ಹೊಟ್ಟೆಕಿಚ್ಚು ಆಗೋ ವಿಷ್ಯಾನೇ. ಕುದುರೆ ವ್ಯಾಪಾರದ ಹಡಗಲ್ಲಿ ಇಂಡಿಯಾ ಕಡೆಯಿಂದ ಬಂದ ಬೀಜದಿಂದ ಶುರುವಾಗಿದ್ದು ಈ ತಳಿ ಅಂತ ಹೇಳ್ತಾರೆ. ತೋಟಗಳಲ್ಲಿ ಆಗ ಹೂ ಬಿಟ್ಟಿತ್ತು. ಆಗಸ್ಟಲ್ಲಿ! ನಮ್ಮಲ್ಲಿ ಸಂಕ್ರಾಂತಿ ಟೈಮಲ್ಲಿ ಬರೋ ವಾಸ್ನೆ. ನಮ್ಮನೆಯವ್ರು ಬೇಲಿ ಆಚೆಯಿಂದಾನೇ ಗೊಂಚಲು ನೋಡಿ "ಬೂದಿ ರೋಗ ಇಲ್ಲ ನೋಡು" ಅಂದ್ರು. ಮುಂದೆ ಟೊಮ್ಯಾಟೊ ಹೊಲ, ಗೂಟ ದಾರ ಕಟ್ಟಿರೋದು ನಮ್ ಥರಾನೇ, ಯೂರೋಪಿನ ಹುಡುಗ್ರು ಹುಡ್ಗೀರು ಬಕೆಟ್ ಹಿಡ್ಕೊಂಡು ಬಗ್ಗಿ ಕೀಳ್ತಿದ್ರು. ಅವ್ರು ಕೆಲಸ ಮಾಡೋ ವೀಸಾದೋರು, ನಮ್ದು ಟೂರಿಸ್ಟು, ಕೈ ಹಾಕಂಗಿಲ್ಲ. 2024ರಿಂದ ಇಂಡಿಯಾದೋರ್ಗೂ ಆ ವೀಸಾ ಇದೆ, 18ರಿಂದ 30 ವಯಸ್ಸು, ವರ್ಷಕ್ಕೆ 1000 ಜನ, ಲಾಟ್ರಿ ಎತ್ತಿ ಕೊಡ್ತಾರೆ. ಅದೇ ಊರ ಸೂಪರ್‌ಮಾರ್ಕೆಟಲ್ಲಿ ಟೊಮ್ಯಾಟೊ ಕೆಜಿ 7 ಡಾಲರ್. ನಾನೂರು ರೂಪಾಯಿ! ಅವ್ರು ಒಂದು ಹಣ್ಣು ಎತ್ಕೊಂಡು ಒತ್ತಿ, ತಿರುಗ್ಸಿ, ತೊಟ್ಟು ನೋಡಿ, ವಾಪಸ್ ಇಟ್ಟು, ಕಾರ್ ಪಾರ್ಕ್ ವರ್ಗೂ ಮಾತೇ ಆಡ್ಲಿಲ್ಲ.

ಅಲ್ಲಿಂದಾಚೆ ಉದ್ದುದ್ದ ರೋಡು. ಬ್ರೂಸ್ ಹೈವೇಲಿ ಡ್ರೈವರ್ ತೂಕಡಿಸ್ಬಾರ್ದು ಅಂತ ರಸಪ್ರಶ್ನೆ ಬೋರ್ಡ್ ಹಾಕಿದಾರೆ, ಒಂದು ಬೋರ್ಡಲ್ಲಿ ಪ್ರಶ್ನೆ, ಎಷ್ಟೋ ದೂರ ಆದ್ಮೇಲೆ ಉತ್ರ. ಅದನ್ನ ನೋಡಿ ನಾವೂ ನಮ್ಮದೇ ಪ್ರಶ್ನೆ ಶುರು ಮಾಡಿದ್ವಿ, ಸೋತೋರು ರಾತ್ರಿ ಹಲಗೆ ಜೋಡಿಸ್ಬೇಕು. ಕ್ವೀನ್ಸ್‌ಲ್ಯಾಂಡಿನ ಎತ್ತರದ ಬೆಟ್ಟ ಯಾವ್ದು ಅಂತ ಕೇಳಿ ನಾನು ಗೆದ್ದೆ, ಬಾರ್ಟಲ್ ಫ್ರೀರ್, ಬಾಂಬೆ ಗವರ್ನರ್ ಆಗಿದ್ದೋನ ಹೆಸರು.

ನಿಮ್ಮ ಡೇಟು ಹೆಂಗ್ ಬೇಕಾದ್ರೂ ಬದಲಾಯ್ಸೋ ಹಾಗಿದ್ರೆ ರಿಲೊಕೇಶನ್ ಅಂತ ಹುಡುಕಿ. ಒಂದು ಕಡೆ ಗಾಡಿ ಜಾಸ್ತಿ ಆಗಿ ನಿಂತಿದ್ರೆ ವಾಪಸ್ ತಗೊಂಡು ಹೋಗೋರಿಗೆ ದಿನಕ್ಕೆ 1 ಡಾಲರ್‌ಗೂ ಕೊಡ್ತಾರೆ, ದಿನ ಮಾತ್ರ ಕಮ್ಮಿ. ನನಗೆ ಇದು ಗೊತ್ತಾಗಿದ್ದು ಕೇರ್ನ್ಸಲ್ಲಿ, ಗಾಡಿ ವಾಪಸ್ ಕೊಡೋ ಕ್ಯೂನಲ್ಲಿ.

ವಾಪಸ್ ಕೊಟ್ಟು ಊರಿಗೆ ಬಂದು ಹನ್ನೊಂದನೇ ದಿನ ಬಾಂಡ್ ಬಂತು, 250ರಲ್ಲಿ 80 ಕಮ್ಮಿ. ಕ್ಲೀನಿಂಗ್ ಚಾರ್ಜ್ ಅಂತೆ. ನಾವು ಎರಡು ಗಂಟೆ ಉಜ್ಜಿ ತೊಳ್ದು ಕೊಟ್ಟಿದ್ವಿ, ಅದಕ್ಕೆ ಖಾರವಾಗೇ ಒಂದು ಮೇಲ್ ಹಾಕ್ದೆ, ಪ್ರೂಫ್ ಕೊಡಿ ಅಂತ. ಮಾರನೇ ದಿನ ಫೋಟೋ ಬಂತು. ಸ್ಟವ್ ಪಕ್ಕದ ಬಿಳೀ ಹಲಗೆ ಮೇಲೆ ಐದೂ ಬೆರಳು ಬಿದ್ದಿರೋ ಅರಿಶಿಣದ ಕೈ ಗುರುತು, ಉಂಗುರದ ಜಾಗ ಸಮೇತ. ನಂದೇ ಕೈ. ಆ ಮೇಲ್‌ಗೆ ಇನ್ನೂ ಉತ್ರ ಬರ್ದಿಲ್ಲ.