ವಾರಕ್ಕೊಂದು ವಿಷಯ, ಐದು ಗ್ಲಾಸ್: ಪೋರ್ಟ್‌ಲ್ಯಾಂಡಿನ ನಮ್ಮ ಬೀದಿಯ ವೈನ್ ಅಂಗಡಿಯಲ್ಲಿ ಆರು ವರ್ಷ

ನಮ್ಮೂರ ಕಡೆ 'ವೈನ್ಸ್' ಅಂತ ಬೋರ್ಡ್ ಇದ್ದರೆ ಒಳಗೆ ಸಿಗೋದು ಬ್ರಾಂದಿ, ರಮ್ಮು, ವಿಸ್ಕಿ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ನಾನು ಬರೆಯುತ್ತಿರುವುದು ಆ ಥರದ ಅಂಗಡಿಯ ಬಗ್ಗೆ ಅಲ್ಲ. ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ನಮ್ಮ ಮನೆಯಿಂದ ಎಂಟು ನಿಮಿಷ ನಡೆದರೆ ಒಂದು ಪುಟ್ಟ ಅಂಗಡಿ ಇದೆ. ಬರೀ ವೈನ್ ಮಾರುತ್ತಾರೆ. ಪ್ರತಿ ಗುರುವಾರ ಸಂಜೆ 5ರಿಂದ 7.30ರವರೆಗೆ ಅಲ್ಲಿ ಟೇಸ್ಟಿಂಗ್ ಇರುತ್ತದೆ. ವಾರಕ್ಕೊಂದು ವಿಷಯ. 2019ರ ಚಳಿಗಾಲದಲ್ಲಿ ಹೋಗಲು ಶುರು ಮಾಡಿದೆ. ಊರಲ್ಲಿದ್ದರೆ ತಪ್ಪಿಸುವುದಿಲ್ಲ.

ಲೆಕ್ಕ ಹೀಗಿದೆ. ಶುರುವಿನಲ್ಲಿ ಶುಲ್ಕ 15 ಡಾಲರ್ ಇತ್ತು, ಈಗ 25. ಐದು ವೈನ್, ಒಂದೊಂದೂ ಎರಡು ಮೂರು ಗುಟುಕಿನಷ್ಟು. ಆವತ್ತೇ ಎರಡು ಬಾಟಲಿ ಕೊಂಡರೆ ಅರ್ಧ ಶುಲ್ಕ ವಾಪಸ್. ಆರೆಗಾನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಬಾಟಲಿ ಮೇಲೆ ಬರೆದಷ್ಟೇ ಬೆಲೆ. ಸೋಮವಾರ ಬಾಗಿಲ ಪಕ್ಕದ ಕರಿಹಲಗೆ ಮೇಲೆ ಆ ವಾರದ ವಿಷಯ ಬರೆಯುತ್ತಾರೆ. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಉಗುಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕಾರಿನಲ್ಲಿ ಬಂದವರು ದಯವಿಟ್ಟು ಅದನ್ನು ಬಳಸಿ.

ಬೇರೆ ಅಂಗಡಿಗಳಲ್ಲೂ ಟೇಸ್ಟಿಂಗ್ ನಡೆಯುತ್ತದೆ. ಅಲ್ಲಿ ಸಾಮಾನ್ಯವಾಗಿ ಹೊಸದಾಗಿ ಬಂದ ನಾಲ್ಕು ಬಾಟಲಿ ತೆಗೆದು ಸುರಿಯುತ್ತಾರೆ. ಕುಡಿದು ಬರಬಹುದು, ಕಲಿಯುವುದು ಕಷ್ಟ. ಒಂದೇ ಮಾವಿನಹಣ್ಣು ತಿಂದರೆ 'ಸಿಹಿಯಾಗಿದೆ' ಅಂತ ಮಾತ್ರ ಹೇಳಬಹುದು. ರಸಪುರಿಯ ಪಕ್ಕ ಬಾದಾಮಿ, ಅದರ ಪಕ್ಕ ಮಲಗೋವ ಇಟ್ಟು ಕುಯ್ದರೆ ನಾಲಿಗೆ ತಾನಾಗೇ ಮಾತಾಡುತ್ತದೆ, ಅಲ್ವಾ? ಈ ಅಂಗಡಿಯವರು ಮಾಡುವುದು ಅದನ್ನೇ. ದ್ರಾಕ್ಷಿ ಒಂದೇ, ಮಣ್ಣು ಬೇರೆ. ಅಥವಾ ಮಣ್ಣು ಒಂದೇ, ವರ್ಷ ಬೇರೆ. ಐದು ಗ್ಲಾಸಿನ ನಡುವೆ ಒಂದೇ ಒಂದು ವಿಷಯ ಬದಲಾಗುವ ಹಾಗೆ ಆರಿಸುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೇ ತಿಂಗಳ ಪೀನೋ ನ್ವಾರ್ ವಾರ. ಪೋರ್ಟ್‌ಲ್ಯಾಂಡಿನ ದಕ್ಷಿಣಕ್ಕಿರುವ ವಿಲಾಮೆಟ್ ಕಣಿವೆ ಈ ದ್ರಾಕ್ಷಿಗೇ ಹೆಸರುವಾಸಿ. ಮೇಜಿನ ಮೇಲೆ ಎರಡು ಗಾಜಿನ ಜಾಡಿ ಇಟ್ಟಿದ್ದರು. ಒಂದರಲ್ಲಿ 'ಜೋರಿ' ಮಣ್ಣು. ಸುಮಾರು ಒಂದೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಕೊಳೆತು ಆದ ಕೆಂಪು ಮಣ್ಣು. ಇನ್ನೊಂದರಲ್ಲಿ 'ವಿಲಾಕೆಂಜಿ', ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದ ಕಂದು ಮಣ್ಣು. ಜೋರಿಯನ್ನು ಬೆರಳಲ್ಲಿ ಉಜ್ಜಿ ನೋಡಿದೆ. ನಮ್ಮ ಕೋಲಾರದ ಕಡೆಯ ಹೊಲದ ಮಣ್ಣಿನ ಬಣ್ಣವೇ. ಉಗುರಿನ ಸಂದಿಯಲ್ಲಿ ಹಾಗೇ ಕೂತುಕೊಂಡಿತು. ಆಮೇಲೆ ಎರಡೂ ಮಣ್ಣಿನ ವೈನ್ ಸುರಿದರು. ಕೆಂಪು ಮಣ್ಣಿನದು ತಿಳಿಯಾಗಿ, ಚೆರಿ ಹಣ್ಣಿನ ಹುಳಿಯ ಹಾಗಿತ್ತು. ಸಮುದ್ರ ತಳದ್ದು ದಪ್ಪ, ನೇರಳೆ ಬಣ್ಣ, ಬಾಯಿ ಸ್ವಲ್ಪ ಒಗರು. ಎರಡಕ್ಕೂ ದ್ರಾಕ್ಷಿ ಒಂದೇ, ವರ್ಷವೂ ಒಂದೇ.

ಆ ಸಂಜೆಯೇ ಡೇವಿಡ್ ಲೆಟ್ ಎಂಬ ದ್ರಾಕ್ಷಿ ಬೆಳೆಗಾರರ ಕಥೆ ಕೇಳಿದ್ದು. ಈ ಕಣಿವೆಗೆ ಚಳಿ ಜಾಸ್ತಿ, ಪೀನೋ ಬೆಳೆಯಲ್ಲ ಅಂತ ಕಲಿಸಿದವರೇ ಹೇಳಿದ್ದರಂತೆ. ಅವರು ಕೇಳಲಿಲ್ಲ. 1966ರಲ್ಲಿ ಇದೇ ಕಣಿವೆಯ ಡಂಡೀ ಬೆಟ್ಟಗಳಲ್ಲಿ ಗಿಡ ನೆಟ್ಟರು. ಅವರ 1975ರ ಪೀನೋ 1979ರಲ್ಲಿ ಪ್ಯಾರಿಸ್ಸಿನ ಸ್ಪರ್ಧೆಯಲ್ಲಿ ದೊಡ್ಡ ಹೆಸರಿನ ಫ್ರೆಂಚ್ ವೈನುಗಳ ಜೊತೆ ನಿಂತಿತು. ಮರು ವರ್ಷ ಫ್ರಾನ್ಸಿನ ಬರ್ಗಂಡಿಯ ವೈನ್ ತಯಾರಕರಾದ ಡ್ರೂಆಂ ಮನೆತನದವರೇ ಇನ್ನೊಂದು ಪರೀಕ್ಷೆ ಇಟ್ಟರು. ಅದರಲ್ಲಿ ಎರಡನೇ ಸ್ಥಾನ ಬಂತು. 1987ರಲ್ಲಿ ಅದೇ ಡ್ರೂಆಂ ಕುಟುಂಬ ಡಂಡೀ ಬೆಟ್ಟದಲ್ಲಿ ಜಮೀನು ಕೊಂಡಿತು. ಗ್ಲಾಸ್ ಕೈಯಲ್ಲಿರುವಾಗ ಕೇಳಿದ ಇಂಥ ಕಥೆ ಮರೆಯುವುದಿಲ್ಲ.

ನಾನು ಒಂದು ಪುಟ್ಟ ನೋಟ್‌ಬುಕ್ ಇಟ್ಟಿದ್ದೇನೆ. ಶುರುವಿನಲ್ಲಿ ಎಲ್ಲರ ಹಾಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಬ್ಲ್ಯಾಕ್‌ಕರೆಂಟ್, ಗೂಸ್‌ಬೆರಿ, ವಯೊಲೆಟ್. ಇವನ್ನೆಲ್ಲ ನಾನು ಚಿಕ್ಕವನಿದ್ದಾಗ ತಿಂದವನೂ ಅಲ್ಲ, ಮೂಸಿದವನೂ ಅಲ್ಲ. ಗೂಸ್‌ಬೆರಿಗೆ ನಿಘಂಟಿನಲ್ಲಿ ನೆಲ್ಲಿಕಾಯಿ ಅಂತ ಇರುತ್ತದೆ, ಆದರೆ ಅದು ಬೇರೆಯೇ ಹಣ್ಣು. ಆಮೇಲೆ ಕನ್ನಡದಲ್ಲಿ ಬರೆಯಲು ಶುರು ಮಾಡಿದೆ. ಅಲ್ಲಿಂದ ನಾಲಿಗೆ ತೆರೆದುಕೊಂಡಿತು.

ಇಟಲಿಯ ನೆಬ್ಬಿಯೋಲೋ ದ್ರಾಕ್ಷಿಯ ವಾರದಲ್ಲಿ ಪಕ್ಕದವರು ಟ್ಯಾನಿನ್ ಅಂದರೆ ಏನು ಅಂತ ಅಂಗಡಿಯವರನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಕಹಿ ಅಲ್ಲ, ಹುಳಿ ಅಲ್ಲ, ಬಾಯಿ ಒಣಗಿದ ಹಾಗೆ ಅಂತ ಅವರು ಕಷ್ಟಪಟ್ಟು ವಿವರಿಸುತ್ತಿದ್ದರು. ನಮ್ಮಲ್ಲಿ ಅದಕ್ಕೆ ಒಂದೇ ಮಾತು, ಒಗರು. ಎಳೆ ಬಾಳೆಕಾಯಿ, ಗೇರುಹಣ್ಣು, ಹಸಿ ಅಡಿಕೆ. ಮೂರಕ್ಕೂ ಮೂರು ಥರದ ಒಗರು ಅಂತ ನಮ್ಮ ಮಕ್ಕಳಿಗೂ ಗೊತ್ತು. ನೆಬ್ಬಿಯೋಲೋದು ಅಡಿಕೆ ಒಗರು, ವಸಡಿನ ಮೇಲೆ ಕೂರುತ್ತದೆ. ಪೀನೋದು ಬಾಳೆಕಾಯಿ ಒಗರು, ಬೇಗ ಹೋಗುತ್ತದೆ. ಹೀಗೆ ಬರೆದಿಟ್ಟ ಮೇಲೆ ಯಾವ ವೈನ್ ಕೊಂಡರೆ ಏನು ಸಿಗುತ್ತದೆ ಅಂತ ಮೊದಲೇ ಅಂದಾಜು ಸಿಗುತ್ತದೆ.

ರೀಸ್ಲಿಂಗ್ ಅನ್ನುವ ಬಿಳಿ ದ್ರಾಕ್ಷಿಯ ಹಳೆಯ ವೈನನ್ನು ಮೂಗಿಗೆ ಹಿಡಿದ ದಿನ ಅಜ್ಜಿಮನೆಯ ಸ್ಟೌ ನೆನಪಾಯಿತು. ಸೀಮೆಎಣ್ಣೆ! ನನ್ನ ಮೂಗು ಕೆಟ್ಟಿದೆಯೇನೋ ಅಂದುಕೊಂಡೆ. ಅಲ್ಲವಂತೆ, ವಯಸ್ಸಾದ ರೀಸ್ಲಿಂಗ್‌ನ ಗುರುತೇ ಅದು. ವಾಸನೆ ಹಾಗಿದ್ದರೂ ಬಾಯಿಯಲ್ಲಿ ಜೇನು, ನಿಂಬೆ. ಸಿರಾ ವಾರದಲ್ಲಿ ಕರಿಮೆಣಸು ಸಿಕ್ಕಿತು. ಹೋಲಿಕೆಗೆ ಹೇಳುವ ಮಾತಲ್ಲ ಇದು. ಮೆಣಸಿನ ಕಾಳಿಗೆ ಆ ವಾಸನೆ ಕೊಡುವ ರೊಟಂಡೋನ್ ಎಂಬ ಅಂಶವೇ ಸಿರಾ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಆಸ್ಟ್ರೇಲಿಯಾದವರು 2008ರಲ್ಲಿ ಇದನ್ನು ತೋರಿಸಿದರು. ಐದು ಜನರಲ್ಲಿ ಸುಮಾರು ಒಬ್ಬರಿಗೆ ಆ ವಾಸನೆ ಗೊತ್ತೇ ಆಗುವುದಿಲ್ಲವಂತೆ. ನನ್ನ ಹೆಂಡತಿ ಆ ಒಬ್ಬರಲ್ಲಿ ಸೇರುತ್ತಾಳೆ. ಅವಳಿಗೆ ಸಿರಾ ಬರೀ ನೇರಳೆಹಣ್ಣು.

ಮನೆ ಊಟಕ್ಕೂ ಇದರಿಂದ ಉಪಯೋಗ ಆಯಿತು. ಖಾರದ ಜೊತೆ ಹೆಚ್ಚು ಆಲ್ಕೋಹಾಲ್, ಹೆಚ್ಚು ಒಗರು ಇರುವ ಕೆಂಪು ವೈನ್ ಕುಡಿದರೆ ನಾಲಿಗೆ ಇನ್ನೂ ಉರಿಯುತ್ತದೆ. ಜರ್ಮನಿಯ ಕಾಬಿನೆಟ್ ದರ್ಜೆಯ ರೀಸ್ಲಿಂಗ್ ನೋಡಿ, ಹಲವು ಬಾಟಲಿಗಳಲ್ಲಿ ಆಲ್ಕೋಹಾಲ್ ಶೇ. 8-9 ಅಷ್ಟೇ, ಸ್ವಲ್ಪ ಸಿಹಿ, ಒಳ್ಳೆಯ ಹುಳಿ. ಬಿಸಿಬೇಳೆಬಾತಿನ ಜೊತೆ ಅದಕ್ಕಿಂತ ಚೆನ್ನಾಗಿ ಹೊಂದುವುದು ನನಗೆ ಇನ್ನೂ ಸಿಕ್ಕಿಲ್ಲ. ಮುಂಚೆ ಬರೀ ಲೇಬಲ್ ನೋಡಿ 40 ಡಾಲರಿನ ಕ್ಯಾಬರ್ನೆ ಕೆಂಪು ವೈನ್ ತರುತ್ತಿದ್ದೆ. ಈಗ 22 ಡಾಲರಿನ ರೀಸ್ಲಿಂಗ್ ತರುತ್ತೇನೆ.

2020ರ ಮಾರ್ಚಿನಲ್ಲಿ ಎಲ್ಲ ಮುಚ್ಚಿದಾಗ ಈ ಅಂಗಡಿ ನಡೆದುಕೊಂಡ ರೀತಿ ನನಗೆ ತುಂಬಾ ಹಿಡಿಸಿತು. ಪುಟ್ಟ ಪುಟ್ಟ ಸೀಸೆಗಳಲ್ಲಿ ಐದು ವೈನ್ ತುಂಬಿ ಬಾಗಿಲಲ್ಲೇ ಕೊಡುತ್ತಿದ್ದರು. ಸಂಜೆ ವಿಡಿಯೋ ಕಾಲ್‌ನಲ್ಲಿ ಕೂತು ಮಾತು. ಆ ವರ್ಷವೇ ಸೆಪ್ಟೆಂಬರಿನಲ್ಲಿ ಕಾಡ್ಗಿಚ್ಚಿನ ಹೊಗೆ ಒಂದು ವಾರಕ್ಕೂ ಹೆಚ್ಚು ಕಾಲ ಕಣಿವೆ ತುಂಬ ನಿಂತಿತು. ಕೊಯ್ಲಿನ ಹೊತ್ತು ಅದು. ಹಲವರು 2020ರ ಕೆಂಪು ಪೀನೋ ಮಾಡಲೇ ಇಲ್ಲ. ಎರಡು ವರ್ಷದ ಮೇಲೆ ಅಂಗಡಿಯವರು ಅದನ್ನೇ ಒಂದು ವಾರದ ವಿಷಯ ಮಾಡಿದರು. ಒಂದು ಗ್ಲಾಸಿನಲ್ಲಿ ಹೊಗೆ ಹಿಡಿದ ಕೆಂಪು ವೈನ್. ಬಾಯಿಗೆ ಹಾಕಿದಾಗ ಚೆನ್ನಾಗೇ ಇತ್ತು. ನುಂಗಿದ ಮೇಲೆ ಒಲೆಯ ಬೂದಿ ನೆಕ್ಕಿದ ಹಾಗೆ. ಪಕ್ಕದಲ್ಲಿ ಅದೇ ವರ್ಷದ ಪೀನೋದಿಂದ ಮಾಡಿದ ಬಿಳಿ ವೈನ್ ಮತ್ತು ನಸುಗೆಂಪು ಬಣ್ಣದ ರೋಸೇ. ಹೊಗೆಯ ಅಂಶ ಕೂತಿರುವುದು ಹೆಚ್ಚಾಗಿ ಸಿಪ್ಪೆಯಲ್ಲಿ. ಅದಕ್ಕೆ ಸಿಪ್ಪೆಯನ್ನು ಹೆಚ್ಚು ಹೊತ್ತು ತಾಗಿಸದೆ ರಸ ಹಿಂಡಿ ಮಾಡಿದ್ದರು. ಅವುಗಳಲ್ಲಿ ಬೂದಿ ಇರಲಿಲ್ಲ. ಕೆಟ್ಟುಹೋದ ವೈನನ್ನೂ ಮುಚ್ಚಿಡದೆ ಗಿರಾಕಿಗೆ ಕುಡಿಸಿ ತೋರಿಸುವ ಅಂಗಡಿಯನ್ನು ನಂಬಬಹುದು ಅಂತ ನನಗೆ ಅನ್ನಿಸಿದ್ದು ಆವತ್ತು.

ಕೊರತೆಗಳೂ ಇವೆ. ತಿಂಗಳಿಗೆ ಒಂದು ಸಲ ಅಂಗಡಿಯವರು ಪಕ್ಕಕ್ಕೆ ಸರಿದು ಯಾವುದಾದರೂ ಸಗಟು ವ್ಯಾಪಾರಿಯ ಕಡೆಯವರಿಗೆ ಜಾಗ ಬಿಡುತ್ತಾರೆ. ಆ ವಾರ ವಿಷಯ ಅನ್ನೋದು ಹೆಸರಿಗೆ ಮಾತ್ರ. ಅವರ ಪಟ್ಟಿಯಲ್ಲಿ ಇರುವ ಬಾಟಲಿಗಳೇ ಬರುತ್ತವೆ. ಒಂದು ಸಲ ಮೂರನೇ ಗ್ಲಾಸಿನಲ್ಲಿ ಮಳೆಯಲ್ಲಿ ನೆಂದ ರಟ್ಟಿನ ಡಬ್ಬದ ವಾಸನೆ ಇತ್ತು. ಕಾರ್ಕ್ ಕೆಟ್ಟರೆ ಬರುವ ವಾಸನೆ ಅದು. ಸುರಿಯುತ್ತಿದ್ದವರಿಗೆ ಹೇಳಿದೆ. 'ಈ ಊರಿನ ವೈನ್ ಇರುವುದೇ ಹೀಗೆ' ಅಂದುಬಿಟ್ಟರು. ಮೂರು ಜನ ಹೊಸಬರು ತಲೆಯಾಡಿಸಿ ಅದನ್ನೇ ಕುಡಿದರು. ನನಗೆ ಬೇಜಾರಾಗಿದ್ದು ಅದಕ್ಕೆ. ಅವರು ಆ ಊರಿನ ವೈನನ್ನು ಮತ್ತೆ ಮುಟ್ಟುವುದಿಲ್ಲ. ಗ್ಲಾಸನ್ನು ಅಂಗಡಿಯ ಮಾಲೀಕರ ಹತ್ತಿರ ತೆಗೆದುಕೊಂಡು ಹೋದೆ. ಒಂದು ಸಲ ಮೂಸಿದರು, ಮಾತಾಡದೆ ಬಾಟಲಿ ಎತ್ತಿಟ್ಟು ಹೊಸದು ತೆಗೆದರು. ಎಲ್ಲರಿಗೂ ಎರಡನ್ನೂ ಮೂಸಲು ಕೊಟ್ಟರು. ಅರ್ಧ ಗಂಟೆ ಆ ಕೆಟ್ಟ ಬಾಟಲಿಯೇ ಪಾಠವಾಯಿತು. ಆದರೂ ವ್ಯಾಪಾರಿಗಳ ವಾರ ಅಂತ ಹಲಗೆ ಮೇಲೆ ಮೊದಲೇ ಬರೆಯಬೇಕು ಅಂತ ನಾನು ಇವತ್ತಿಗೂ ಕೇಳುತ್ತಿದ್ದೇನೆ.

ಸಸ್ಯಾಹಾರಿಗಳು ಒಂದು ಮಾತು ತಿಳಿದಿರಲಿ. ವೈನ್ ಜೊತೆ ಇಡುವ ತಟ್ಟೆಯಲ್ಲಿ ಚೀಸ್ ಮತ್ತು ಹಂದಿಮಾಂಸದ ತುಣುಕು ಒಟ್ಟಿಗೇ ಇರುತ್ತಿದ್ದವು. ಕೇಳಿಕೊಂಡ ಮೇಲೆ ಈಗ ಬೇರೆ ತಟ್ಟೆ ಇಡುತ್ತಾರೆ. ಕೂರಲು ನಾಲ್ಕೇ ಸ್ಟೂಲ್, ಮಂಡಿನೋವು ಇರುವವರಿಗೆ ಕಷ್ಟ. ಬೇಸಿಗೆಯಲ್ಲಿ ರೋಸೇ ವಿಷಯ ಮೂರು ಸಲ ಬರುತ್ತದೆ, ಒಂದು ಸಾಕು. ಡಿಸೆಂಬರಿನ ಶಾಂಪೇನ್ ವಾರಕ್ಕೆ ಶುಲ್ಕ ದುಪ್ಪಟ್ಟು, ಜನ ಕಾಲಿಡಲು ಜಾಗವಿಲ್ಲದಷ್ಟು. ನಾನು ಆ ವಾರ ಹೋಗುವುದು ಬಿಟ್ಟಿದ್ದೇನೆ.

ಹೋದ ವರ್ಷದ ಒಂದು ವಾರದ ಬಗ್ಗೆ ಬರೆಯಲೇಬೇಕು. ವಿಷಯ 'ಅಮೆರಿಕದ ಸ್ವಂತ ದ್ರಾಕ್ಷಿ'. ಕ್ಯಾಬರ್ನೆ, ಪೀನೋ ಎಲ್ಲ ಯುರೋಪಿನಿಂದ ಬಂದ ಜಾತಿ. ಆವತ್ತು ಇಟ್ಟಿದ್ದು ಕಾಂಕಾರ್ಡ್, ಕಟಾಬಾ, ಇಸಬೆಲ್ಲಾ ಥರದ ಇಲ್ಲಿನ ದ್ರಾಕ್ಷಿಗಳ ವೈನ್. ಈ ಜಾತಿಯ ಗಾಢ ವಾಸನೆಗೆ ಇಂಗ್ಲಿಷಿನಲ್ಲಿ 'ಫಾಕ್ಸಿ' ಅನ್ನುತ್ತಾರೆ, ನರಿಯ ಹೆಸರು ಹಿಡಿದು. ಹೊಗಳಿಕೆ ಅಲ್ಲ. ಫ್ರಾನ್ಸಿನಲ್ಲಿ 1930ರ ದಶಕದಲ್ಲಿ ಇಸಬೆಲ್ಲಾ ಸೇರಿ ಆರು ಜಾತಿಗಳಿಗೆ ನಿಷೇಧವೇ ಬಂತು. ಸುತ್ತ ನಿಂತವರು ಮೂಸಿ 'ಜಾಮ್', 'ಮಕ್ಕಳ ಜ್ಯೂಸ್' ಅನ್ನುತ್ತಿದ್ದರು. ನಾನು ಇಸಬೆಲ್ಲಾ ಗ್ಲಾಸ್ ಎತ್ತಿದೆ. ಎತ್ತಿದವನು ಹಾಗೇ ನಿಂತೆ. ದೇವನಹಳ್ಳಿ ಹತ್ತಿರ ನಮ್ಮ ಸೋದರಮಾವನ ತೋಟ, ಮಧ್ಯಾಹ್ನದ ಬಿಸಿಲು, ಕಲ್ಲುಕಂಬದ ಮೇಲಿನ ದ್ರಾಕ್ಷಿ ಚಪ್ಪರ, ಕೆಳಗೆ ನೆರಳು, ಉದುರಿ ಒಡೆದ ಕಪ್ಪು ಹಣ್ಣು. ಅದೇ ವಾಸನೆ, ಒಂದು ಚೂರೂ ವ್ಯತ್ಯಾಸವಿಲ್ಲ.

ಮಾಲೀಕರಿಗೆ ಹೇಳಿದೆ. ಅವರು ಪುಸ್ತಕ ತೆಗೆದು ತೋರಿಸಿದರು. ನಮ್ಮ ಬೆಂಗಳೂರು ಬ್ಲೂ ಈ ಇಸಬೆಲ್ಲಾ ಬಳಗದ್ದೇ. 2013ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದನ್ನು ನಾನು ಅವರಿಗೆ ಹೇಳಿದೆ. ನೋಟ್‌ಬುಕ್ಕಿನಲ್ಲಿ ಆ ವೈನಿನ ಮುಂದೆ 'ಮಾವನ ಚಪ್ಪರ' ಅಂತಷ್ಟೇ ಬರೆದಿದ್ದೇನೆ. ಮನೆಗೆ ಬಂದು ಮಾವನಿಗೆ ಫೋನ್ ಮಾಡಿದೆ.

"ಆ ಚಪ್ಪರ ಈಗೆಲ್ಲಿದೆ ಕಣೋ, ಗಿಡ ಕಿತ್ತು ರೋಜಾ ಹಾಕಿದೀವಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ಸಿಗುತ್ತಾ ಆ ಹಣ್ಣು?" ಅಂತ ಕೇಳಿದರು.

ಎರಡು ಬಾಟಲಿ ತಂದಿದ್ದೆ. ಒಂದನ್ನು ತೆಗೆದಿಲ್ಲ. ಮುಂದಿನ ಸಲ ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಒಯ್ಯುತ್ತೇನೆ, ಮಾವನ ಮೂಗಿಗೆ ಹಿಡಿಯಲು.

ಹೊಸದಾಗಿ ಹೋಗುವವರಿಗೆ: 5 ಗಂಟೆಗೇ ಹೋಗಿ, 6ರ ಮೇಲೆ ಪ್ರಶ್ನೆ ಕೇಳಲು ಆಗುವುದಿಲ್ಲ. ಸೆಂಟ್ ಹಾಕಿಕೊಳ್ಳಬೇಡಿ. ಐದನ್ನೂ ಒಮ್ಮೆ ಮೂಸಿ, ಆಮೇಲೆ ಕುಡಿಯಲು ಶುರು ಮಾಡಿ, ಕೊನೆಗೆ ಮೊದಲನೆಯದಕ್ಕೆ ವಾಪಸ್ ಬನ್ನಿ. ಈ ಗುರುವಾರ ಮಡೈರಾ ಇದೆ, ಪೋರ್ಚುಗಲ್‌ನ ಅದೇ ಹೆಸರಿನ ದ್ವೀಪದ ವೈನ್. ಹಿಂದೆ ಹಡಗಿನಲ್ಲಿ ಭಾರತದ ಕಡೆ ಹೋಗಿ ಬಂದ ಪೀಪಾಯಿಗಳಿಗೇ ಹೆಚ್ಚು ಬೆಲೆ ಇತ್ತಂತೆ, ದಾರಿಯ ಸೆಕೆಗೆ ವೈನ್ ಇನ್ನೂ ರುಚಿಯಾಗುತ್ತಿತ್ತು ಅಂತ. ನಾನು ಕಿಟಕಿ ಪಕ್ಕದ ಸ್ಟೂಲ್ ಹತ್ತಿರ ಇರುತ್ತೇನೆ.