ಪಿಯಾನೊ ಸಾಗಣೆ: ಮನೆ ಸಾಮಾನಿನ ಪ್ಯಾಕರ್ಸ್ ಸಾಕೇ, ಪಿಯಾನೊ ಬಲ್ಲ ತಂಡ ಬೇಕೇ?

ಮಲ್ಲೇಶ್ವರದ ಹಳೆಯ ಮನೆಯಿಂದ ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟಿಗೆ ಹೋಗುವವರು ಪಿಯಾನೊವನ್ನೂ ಮನೆ ಸಾಮಾನಿನ ಪ್ಯಾಕರ್ಸ್‌ಗೇ ಒಪ್ಪಿಸಿದರೆ ಖರ್ಚು ಉಳಿಯುತ್ತದೆ. ಆದರೆ ಒಳಗಿನ ಎರಕದ ಕಬ್ಬಿಣದ ಚೌಕಟ್ಟಿನಿಂದಾಗಿ ಸಾಮಾನ್ಯವಾಗಿ 200ರಿಂದ 300 ಕಿಲೊ ತೂಗುವ ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ) ಪಿಯಾನೊವನ್ನು ಬೀರುವಿನಂತೆ ಹಗ್ಗ ಕಟ್ಟಿ ಎತ್ತುವವರು, ಅದರ ಭಾರ ಹಿಂಬದಿಗೇ ಹೆಚ್ಚಿರುವುದನ್ನು ಗಮನಿಸುವುದು ಅಪರೂಪ. ಅದರ ಸಣ್ಣ ಗಾಲಿಗಳ ಮೇಲೆಯೇ ಉರುಳಿಸುವುದಂತೂ ನೆಲಕ್ಕೂ ಕಾಲುಗಳಿಗೂ ಕೇಡು. ಪಿಯಾನೊ ಬಲ್ಲ ತಂಡ ದುಬಾರಿಯಾದರೂ ಮೆಟ್ಟಿಲ ತಿರುವನ್ನೂ ಲಿಫ್ಟಿನ ಅಳತೆಯನ್ನೂ ಮೊದಲೇ ಕೇಳುತ್ತದೆ. ಗ್ರ್ಯಾಂಡ್ (ತಂತಿಗಳು ಅಡ್ಡಲಾಗಿ ಮಲಗಿರುವ ಪಿಯಾನೊ) ಆದರೆ ಕಾಲು, ಪೆಡಲುಗಳನ್ನು ಬಿಚ್ಚಿ, ಪಕ್ಕಕ್ಕೆ ಮಲಗಿಸಿ, ಹಲಗೆಗೆ ಬಿಗಿಯುತ್ತದೆ. ಗ್ರ್ಯಾಂಡ್‌ಗೆ ಬೇರೆ ಆಯ್ಕೆಯೇ ಇಲ್ಲವೆಂಬುದು ನನ್ನ ಅಭಿಪ್ರಾಯ. ನೆಲಮಹಡಿಯಿಂದ ನೆಲಮಹಡಿಗೆ ಹೋಗುವ ಅಪ್‌ರೈಟ್‌ಗೆ, ವಿಮೆಯ ಮಾತು ಬರಹದಲ್ಲಿದ್ದರೆ, ಪ್ಯಾಕರ್ಸ್ ಆದೀತು. ಯಾರೇ ಸಾಗಿಸಿದರೂ, ಹೊಸ ಕೋಣೆಯ ಹವೆಗೆ ಹೊಂದಿಕೊಳ್ಳಲು ಕೆಲವು ವಾರ ಬಿಟ್ಟೇ ಶ್ರುತಿ ಮಾಡಿಸಬೇಕು.