ಹದಿನೇಳೂವರೆ ಇಂಚಿನ ಕೊರಳಿಗೊಂದು ಬೋ ಟೈ

ನಾನು ಹಾಡುವ ಗಾಯಕವೃಂದದಲ್ಲಿ ಡಿಸೆಂಬರ್ ಕಾರ್ಯಕ್ರಮಕ್ಕೆ ಗಂಡಸರೆಲ್ಲ ಕಪ್ಪು ಕೋಟು, ಕಪ್ಪು ಬೋ ಟೈ ತೊಡಬೇಕು. 14 ವರ್ಷಗಳಿಂದ ಹಿಂದಿನ ಸಾಲಿನಲ್ಲಿ ನಿಂತು ಮಂದ್ರಸ್ವರ ಹಾಡುತ್ತಿದ್ದೇನೆ. ಅಷ್ಟೂ ವರ್ಷ ಸಿದ್ಧ ಬೋ ಟೈಗಳಲ್ಲೇ ಕಳೆದೆ: ಗಂಟು ಮೊದಲೇ ಹಾಕಿರುತ್ತದೆ, ಕತ್ತಿನ ಹಿಂದೆ ಹುಕ್ಕು ಸಿಕ್ಕಿಸಿದರೆ ಮುಗಿಯಿತು. ಕಳೆದ ವರ್ಷದ ಗುಂಪುಚಿತ್ರ ನೋಡಿದಾಗ ನಿಜಕ್ಕೂ ಬೇಸರವಾಯಿತು. ನನ್ನದು ಅಗಲವಾದ ಮುಖ, ದಪ್ಪ ಕೊರಳು. ನಾಲ್ಕಿಂಚಿಗೂ ಕಡಿಮೆಯಿದ್ದ ಆ ಬೋ ಕಾಲರಿನ ನಡುವೆ ಕಾಣಿಸುತ್ತಲೇ ಇರಲಿಲ್ಲ.

ಅದರ ಪೊಟ್ಟಣದ ಮೇಲೆ ಎಲ್ಲರಿಗೂ ಒಂದೇ ಅಳತೆ ಎಂದು ಬರೆದಿತ್ತು. ಪಟ್ಟಿಯನ್ನು ಕೊನೆಯವರೆಗೆ ಎಳೆದರೂ ಅದು 17 ಇಂಚಿಗೆ ನಿಲ್ಲುತ್ತಿತ್ತು. ನನ್ನ ಕಾಲರಿನ ಅಳತೆ 17.5. ಆ ಅರ್ಧ ಇಂಚು ಏನೆಂದು ಕೆಳಗಿನ ಸ್ವರಕ್ಕೆ ಇಳಿಯುವಾಗ ಗೊತ್ತಾಗುತ್ತದೆ. ಗಂಟಲು ಸಡಿಲವಾಗಬೇಕಾದ ಹೊತ್ತಿನಲ್ಲೇ ಪಟ್ಟಿ ಹಿಡಿದುಕೊಳ್ಳುತ್ತದೆ.

ಈ ಸಲ ಸೆಪ್ಟೆಂಬರ್‌ನಲ್ಲೇ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿಗೆ ಹೋದೆ. ಹಳಬರು ಈಗಲೂ ದಂಡು ಎನ್ನುವ ಈ ಭಾಗದಲ್ಲಿ ಕೋಟು ಹೊಲಿಯುವ ಹಳೆಯ ಕೈಗಳು ಇನ್ನೂ ಇವೆ. ಇಬ್ರಾಹಿಂ ಸಾಹೇಬ್ ಸ್ಟ್ರೀಟಿನ ಕಡೆಗೆ ತಿರುಗುವ ಒಂದು ಓಣಿಯಲ್ಲಿ, ಫಲಕದ ಅಕ್ಷರ ಪೂರ್ತಿ ಮಾಸಿಹೋದ ಪುಟ್ಟ ಅಂಗಡಿ. ಒಳಗೆ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಎಪ್ಪತ್ತು ದಾಟಿರಬಹುದಾದ ಒಬ್ಬ ಮಾಸ್ಟರ್.

"ಶರ್ಟು ತಂದಿದ್ದೀರಾ ಸರ್?" ಎಂಬುದು ಅವರ ಮೊದಲ ಪ್ರಶ್ನೆ. ತಂದಿರಲಿಲ್ಲ. "ಕಾರ್ಯಕ್ರಮಕ್ಕೆ ಹಾಕುವ ಶರ್ಟನ್ನೇ ತನ್ನಿ. ಕೋಟನ್ನೂ ತನ್ನಿ. ಬರೀ ಕತ್ತು ಅಳೆದರೆ ಆಗುವುದಿಲ್ಲ" ಎಂದು ವಾಪಸು ಕಳಿಸಿದರು. ಬನಶಂಕರಿಯಿಂದ ಇನ್ನೊಮ್ಮೆ ಬರಬೇಕಲ್ಲ ಎಂದು ಆಗ ಸಿಟ್ಟು ಬಂದದ್ದು ನಿಜ. ಮರುವಾರ ಅಳತೆ ತೆಗೆದ ರೀತಿ ನೋಡಿದ ಮೇಲೆ ಆ ಸಿಟ್ಟು ಉಳಿಯಲಿಲ್ಲ.

ಕಾಲರಿನ ಗುಂಡಿ ಹಾಕಿಸಿ, ಟೈ ಕೂರುವ ಜಾಗದಲ್ಲೇ ಟೇಪು ಸುತ್ತಿ, ಒಂದು ಬೆರಳು ಒಳಗೆ ತೂರಿಸಿ ಅಳೆದರು. ಆಮೇಲೆ ಮರದ ಸ್ಕೇಲನ್ನು ನನ್ನ ಗದ್ದದ ಕೆಳಗೆ ಅಡ್ಡ ಹಿಡಿದು ನನ್ನನ್ನು ಕನ್ನಡಿಯತ್ತ ತಿರುಗಿಸಿದರು. ಬೋ ಎರಡು ಕಣ್ಣುಗಳ ಹೊರತುದಿಗಿಂತ ಕಿರಿದಾಗಬಾರದು, ಮುಖದ ಅಂಚನ್ನು ದಾಟಲೂಬಾರದು ಎಂಬುದು ಅವರ ಲೆಕ್ಕ. ನನಗೆ ಕಣ್ಣಿನ ತುದಿಯಿಂದ ತುದಿಗೆ 4 ಇಂಚು, ಕೆನ್ನೆಯ ಮೂಳೆಗಳ ನಡುವೆ ಸುಮಾರು 6. "ಐದಕ್ಕೆ ನಿಲ್ಲಿಸೋಣ" ಎಂದರು. ಎತ್ತರ ಎರಡೂವರೆ ಇಂಚು, ತುದಿಯತ್ತ ಅರಳುವ ಚಿಟ್ಟೆ ಆಕಾರ. ಅರಳದೆ ನೇರವಾಗಿ ಸಾಗುವ ಬಾವಲಿ ರೆಕ್ಕೆಯ ಬಗೆಯೂ ಇದೆ, ಎತ್ತರ ಒಂದೂವರೆಯಿಂದ ಎರಡಿಂಚು. ಅದು ಸಣಕಲು ಮುಖಕ್ಕೆ, ಕಿರಿದಾದ ಲ್ಯಾಪೆಲ್ಲಿಗೆ (ಕೋಟಿನ ಎದೆಯ ಮೇಲೆ ಹೊರಕ್ಕೆ ಮಡಚಿದ ಅಂಚಿಗೆ) ಒಪ್ಪುತ್ತದೆ. ನನ್ನ ಕೋಟಿನ ಲ್ಯಾಪೆಲ್ ಅಗಲ.

ನಾನು ಚಿಕ್ಕಪೇಟೆಯಿಂದ ಅರ್ಧ ಮೀಟರ್ ಕಪ್ಪು ರೇಷ್ಮೆ ಕೊಂಡೊಯ್ದಿದ್ದೆ. ರಾಮನಗರದ ಗೂಡು ಮಾರುಕಟ್ಟೆ ಇಷ್ಟು ಹತ್ತಿರವಿರುವಾಗ ಕೊರಳಿಗೆ ಪಾಲಿಯೆಸ್ಟರ್ ಸುತ್ತಿಕೊಳ್ಳುವುದು ನನಗೆ ಒಪ್ಪಿಗೆಯಾಗದ ಮಾತು. ಅವರು ಬಟ್ಟೆಯನ್ನು ಕೋಟಿನ ಲ್ಯಾಪೆಲ್ ಪಕ್ಕದಲ್ಲಿಟ್ಟು ಹೊಳಪು ಹೋಲಿಸಿದರು. ಲ್ಯಾಪೆಲ್ ಸ್ಯಾಟಿನ್ ಇದ್ದರೆ ಟೈ ಕೂಡ ಸ್ಯಾಟಿನ್, ಲ್ಯಾಪೆಲ್ಲಿನಲ್ಲಿ ಸಣ್ಣ ಗೆರೆಯ ನೇಯ್ಗೆ ಇದ್ದರೆ ಟೈಯಲ್ಲೂ ಅದೇ. ನನ್ನ ಬಟ್ಟೆ ಪಾಸಾಯಿತು. ಒಳಗೆ ಬಟ್ಟೆಯನ್ನು ಬಿಗಿಯಾಗಿ ನಿಲ್ಲಿಸುವ ಗಟ್ಟಿ ಬಕ್ರಮ್ ಬೇಡವೆಂದು ತೆಳು ಹತ್ತಿ ಬಟ್ಟೆ ಕೊಟ್ಟರು. ಗಂಟು ಚಿಕ್ಕದಾಗಿ ಕೂರುವುದು ಅದರಿಂದಲೇ.

ಸಿದ್ಧಗಂಟು ಕೇಳಿದ್ದರೆ ಹೊಲಿದು ಕೊಡುತ್ತಿದ್ದರು. ನಾನು ಕೈಯಲ್ಲಿ ಕಟ್ಟುವುದನ್ನೇ ಕೇಳಿದೆ. ಇಲ್ಲಿ ಅಳತೆಯ ಇನ್ನೊಂದು ಸೂಕ್ಷ್ಮವಿದೆ. ಕಟ್ಟುವ ಟೈಯ ಉದ್ದದಲ್ಲಿ ಕೊರಳು ತನ್ನ ಪಾಲು ತೆಗೆದುಕೊಂಡು ಉಳಿದದ್ದೇ ಬೋ ಆಗುತ್ತದೆ. ದಪ್ಪ ಕೊರಳಿಗೆ ಗಿಡ್ಡ ಟೈ ಕಟ್ಟಿದರೆ ಬೋ ಕುಗ್ಗುತ್ತದೆ; ಹಿಂದಿನ ಹುಕ್ಕನ್ನು ಒಂದು ತೂತು ಸಡಿಲಿಸಿದರೆ ಅದೇ ಬೋ ತುಸು ಅಗಲವಾಗುತ್ತದೆ. ಇದಕ್ಕೆಂದೇ ಅವರು 17, 17.5, 18 ಎಂದು ಮೂರು ಗುರುತುಗಳನ್ನು ಬಿಳಿ ದಾರದಲ್ಲಿ ಹೊಲಿದಿದ್ದಾರೆ. ಮಡಚುವ ಕಾಲರ್ ಈ ಹುಕ್ಕನ್ನು ಮುಚ್ಚುತ್ತದೆ. ಹಿಂಭಾಗ ಉದ್ದಕ್ಕೆ ಇಳಿಯುವ ಬಾಲದ ಕೋಟಿನೊಂದಿಗೆ ತೊಡುವ, ನೆಟ್ಟಗೆ ನಿಂತು ಮುಂದಿನ ತುದಿಗಳಷ್ಟೇ ಮಡಚಿದ ರೆಕ್ಕೆ ಕಾಲರಿಗೆ ಬಿಳಿ ಟೈ. ಅಲ್ಲಿ ಪಟ್ಟಿ ಸುತ್ತಲೂ ಕಾಣುವುದರಿಂದ ಹುಕ್ಕಿಲ್ಲದ, ಆ ಒಂದು ಕೊರಳಿಗೇ ಕತ್ತರಿಸಿದ ಟೈ ಬೇಕು.

ಕಟ್ಟುವುದನ್ನೂ ಅವರೇ ಕಲಿಸಿದರು. ಶೂ ಲೇಸಿಗೆ ಹಾಕುವ ಗಂಟೇ ಅದು, ಕನ್ನಡಿಯಲ್ಲಿ ಕೈ ತಿರುವುಮುರುವಾಗಿ ಕಾಣುವುದೊಂದೇ ತೊಡಕು. "ಕಣ್ಣು ಮುಚ್ಚಿ ಕಟ್ಟಿ ಸರ್" ಎಂದರು. ಮೂರನೆಯ ಸಲಕ್ಕೆ ಬಂತು. ಎಡರೆಕ್ಕೆ ಒಂದು ಕೂದಲೆಳೆಯಷ್ಟು ಮೇಲಿತ್ತು, ಸರಿಪಡಿಸಲು ಹೋದಾಗ ಕೈ ತಡೆದರು. ಅವರು ತಡೆದದ್ದು ಸರಿ, ಸಿದ್ಧಗಂಟಿಗೆ ಆ ಜೀವ ಬರುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಎರಡು ವಾರವೆಂದದ್ದು ಮೂರೂವರೆ ವಾರವಾಯಿತು. ಫೋನ್ ಎತ್ತುವುದು ಅಪರೂಪ. ಕನ್ನಡಿಯ ಮುಂದೆ ಒಂದೇ ಟ್ಯೂಬ್‌ಲೈಟು, ಕಪ್ಪು ಬಣ್ಣ ಹೊಂದಿತೇ ಎಂದು ನೋಡಲು ನಾನು ಕೋಟು ಹಿಡಿದು ಓಣಿಗೆ ಬರಬೇಕಾಯಿತು. ಹುಕ್ಕಿನ ಲೋಹ ತೆಳುವಾಗಿದೆ. ಬದಲಿಸಿ ಕೊಡುತ್ತೇನೆ ಎಂದಿದ್ದಾರೆ, ಇನ್ನೂ ಕೊಟ್ಟಿಲ್ಲ. ಕೂಲಿ 900 ರೂಪಾಯಿ, ಬಟ್ಟೆ ನನ್ನದು. ಈ ಕೆಲಸಕ್ಕೆ ಅದು ಕಡಿಮೆಯೇ.

ಮೊನ್ನೆ ತಾಲೀಮಿಗೆ ಕಟ್ಟಿಕೊಂಡು ಹೋಗಿದ್ದೆ. ಎರಡು ಗಂಟೆ ಹಾಡಿದೆ, ಒಮ್ಮೆಯೂ ಕೊರಳಿಗೆ ಕೈ ಹೋಗಲಿಲ್ಲ. ಪಕ್ಕದಲ್ಲಿ ನಿಲ್ಲುವ ಗೆಳೆಯನದು ಹದಿನಾಲ್ಕೂವರೆ ಇಂಚಿನ ಕೊರಳು, ನೀಳ ಮುಖ. ಶನಿವಾರ ಅವನನ್ನು ಕರೆದೊಯ್ಯುತ್ತಿದ್ದೇನೆ. ಶರ್ಟು, ಕೋಟು ಎರಡನ್ನೂ ಚೀಲದಲ್ಲಿ ಇಟ್ಟುಕೋ ಎಂದು ಈಗಾಗಲೇ ಹೇಳಿದ್ದೇನೆ.